400 ಚದರಡಿಯ ಮನೆ ಕೊಳ್ಳಬೇಕಾ? ಏನು ಕುಗ್ಗುತ್ತದೆ, ಏನು ಕುಗ್ಗುವುದಿಲ್ಲ

ಹೋದ ವರ್ಷ ಹಾಸನದ ನಮ್ಮ ಮನೆಯ ತಾರಸಿಯ ಮೇಲೆ ನಾನೊಂದು ಫ್ಲ್ಯಾಟ್ ಕಟ್ಟಿದೆ. ಸೀಮೆಸುಣ್ಣದಲ್ಲಿ.

ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ನೋಡಿ ಬಂದಿದ್ದೆ. ಅದರ ಪ್ಲಾನು ಒಂದು ಕೈಯಲ್ಲಿ, ಟೇಪು ಇನ್ನೊಂದು ಕೈಯಲ್ಲಿ. ಹಾಲ್ 10ಕ್ಕೆ 14 ಅಡಿ. ರೂಮು 10ಕ್ಕೆ 11. ಅಡುಗೆಮನೆ 7ಕ್ಕೆ 8. ಬಚ್ಚಲು 5ಕ್ಕೆ 7. ಅಳೆದು ಗೆರೆ ಎಳೆಯುತ್ತಿದ್ದಾಗ ಅಮ್ಮ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮೇಲೆ ಬಂದರು.

"ಇದೇನೋ, ಈ ವಯಸ್ಸಲ್ಲಿ ಕುಂಟೆಬಿಲ್ಲೆ?"

ಮನೆ ಕಣಮ್ಮ, ನಾನು ತಗೋಬೇಕು ಅಂದುಕೊಂಡಿರೋದು ಅಂದೆ. ಅಮ್ಮ ಬಕೆಟ್ ಕೆಳಗಿಟ್ಟು ಗೆರೆ ದಾಟಿ ಒಳಗೆ ಬಂದರು. ಬಾಗಿಲು ಎಲ್ಲಿ ಅಂತ ಕೇಳಿ, ಬಾಗಿಲಿನಿಂದಲೇ ಬಂದರು. ಹಾಲಿನ ಮಧ್ಯೆ ನಿಂತು ಒಂದು ಸುತ್ತು ನೋಡಿದರು. ಅವರ ಮೊದಲ ಪ್ರಶ್ನೆ ಸಾಲದ್ದಲ್ಲ, ಬಡ್ಡಿಯದ್ದಲ್ಲ. "ಬಟ್ಟೆ ಎಲ್ಲಿ ಒಣಗಿಸ್ತೀಯ?"

ಚಿಕ್ಕ ಮನೆ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳೆಲ್ಲ ಇದೇ ಜಾತಿಯವು. ಮನೆ ಕುಗ್ಗಿದಾಗ ಅದರ ಜೊತೆ ಏನೇನು ಕುಗ್ಗುತ್ತದೆ? ಏನೇನು ಹಾಗೇ ಉಳಿಯುತ್ತದೆ? ಕೋಣೆ ಕುಗ್ಗುತ್ತದೆ. ಬಟ್ಟೆ ಕುಗ್ಗುವುದಿಲ್ಲ. ಸಾಲದ ಮೊತ್ತ ಕುಗ್ಗುತ್ತದೆ. ಸಾಲದ ವರ್ಷ ಕುಗ್ಗುವುದಿಲ್ಲ. ಈ ಎರಡನೇ ಪಟ್ಟಿ ಎಷ್ಟು ಉದ್ದ ಇದೆ ಅಂತ ನನಗೆ ಗೊತ್ತಾಗಿದ್ದು ಆ ತಾರಸಿಯ ಮೇಲೆ, ಆಮೇಲೆ ಒಂದು ಎಕ್ಸೆಲ್ ಶೀಟಿನಲ್ಲಿ.

ಅಮೆರಿಕದಲ್ಲಿ "ಟೈನಿ ಹೋಮ್" ಅಂತ ಒಂದು ದೊಡ್ಡ ಗೀಳೇ ಇದೆ. ಅಲ್ಲಿನ ಮಾದರಿ ಕಟ್ಟಡ ಸಂಹಿತೆ 2018ರಲ್ಲಿ ಅದಕ್ಕೊಂದು ಅಳತೆಯನ್ನೂ ಕೊಟ್ಟಿತು. ಅಟ್ಟ ಬಿಟ್ಟು 400 ಚದರಡಿ, ಅಥವಾ ಅದಕ್ಕಿಂತ ಕಮ್ಮಿ. ನಮ್ಮಲ್ಲಿ 400 ಚದರಡಿಯಲ್ಲಿ ಐದು ಜನ ಇರುತ್ತಾರೆ, ಅದಕ್ಕೆ ಮನೆ ಅಂತಷ್ಟೇ ಹೆಸರು. ಹಾಗಾಗಿ ಚಕ್ರದ ಮೇಲಿನ ಮರದ ಮನೆಯ ಮಾತು ಇಲ್ಲಿ ಬೇಡ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ನಿಜವಾಗಿಯೂ ತಲೆ ಕೆಡಿಸಿಕೊಳ್ಳುವ ಒಂದು ಬೆಡ್‌ರೂಮಿನ ಫ್ಲ್ಯಾಟನ್ನೇ ತೆಗೆದುಕೊಳ್ಳೋಣ.

600 ಅಂದರೆ 390

ಬ್ರೋಷರಿನಲ್ಲಿ ನನ್ನ ಫ್ಲ್ಯಾಟ್ 600 ಚದರಡಿ ಇತ್ತು. ತಾರಸಿಯ ಮೇಲೆ ಎಷ್ಟು ಅಳೆದರೂ 390 ದಾಟಲಿಲ್ಲ. ಮೋಸ ಏನಿಲ್ಲ, ಎರಡು ಬೇರೆ ಬೇರೆ ಲೆಕ್ಕ ಅಷ್ಟೇ. 600 ಅನ್ನುವುದು ಸೂಪರ್ ಬಿಲ್ಟ್ ಅಪ್. ಅದರಲ್ಲಿ ಲಿಫ್ಟು, ಮೆಟ್ಟಿಲು, ಲಾಬಿ, ಕಾರಿಡಾರು, ಹೊರಗೋಡೆ ಎಲ್ಲದರಲ್ಲೂ ನಿಮ್ಮ ಪಾಲು ಸೇರಿರುತ್ತದೆ. 390 ಅನ್ನುವುದು ಕಾರ್ಪೆಟ್ ಏರಿಯಾ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ ಇದಕ್ಕೆ ವ್ಯಾಖ್ಯೆಯೇ ಇದೆ: ಮನೆಯ ಒಳಗೆ ಬಳಸಬಹುದಾದ ನೆಲ. ಒಳಗಿನ ಅಡ್ಡಗೋಡೆ ಸೇರುತ್ತದೆ. ಹೊರಗೋಡೆ, ಶಾಫ್ಟು, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ.

ದೊಡ್ಡ ಮನೆಯಲ್ಲೂ ಈ ವ್ಯತ್ಯಾಸ ಇದ್ದದ್ದೇ. ಚಿಕ್ಕ ಮನೆಯಲ್ಲಿ ಅದು ಜಾಸ್ತಿ ಚುಚ್ಚುತ್ತದೆ. ನನಗೆ ಹೇಳಿದ ರೇಟು ಚದರಡಿಗೆ 7,000 ರೂಪಾಯಿ. 600 ಅಡಿಗೆ 42 ಲಕ್ಷ. ಆ 42 ಲಕ್ಷವನ್ನು ಕಾಲಿಡಲು ಸಿಗುವ 390 ಅಡಿಯಿಂದ ಭಾಗಿಸಿ ನೋಡಿ. ಚದರಡಿಗೆ ಸುಮಾರು 10,770 ರೂಪಾಯಿ. ಅದೇ ಕಟ್ಟಡದ ಎರಡು ಬೆಡ್‌ರೂಮಿನ ಮನೆ 1,050 ಅಡಿ, ರೇಟು 6,600, ಒಟ್ಟು 69.3 ಲಕ್ಷ, ಕಾರ್ಪೆಟ್ 700 ಅಡಿ. ಭಾಗಿಸಿದರೆ 9,900. ಅಂದರೆ ಚಿಕ್ಕ ಮನೆಗೆ ನಾನು ಕೊಡುವ ಒಟ್ಟು ದುಡ್ಡು ಕಮ್ಮಿ, ಒಂದೊಂದು ಅಡಿಗೆ ಕೊಡುವ ದುಡ್ಡು ಜಾಸ್ತಿ.

ಯಾಕೆ ಹೀಗೆ? ಮನೆಯಲ್ಲಿ ದುಬಾರಿ ಭಾಗ ಅಡುಗೆಮನೆ ಮತ್ತು ಬಚ್ಚಲು. ಪೈಪು, ಟೈಲ್ಸು, ನಲ್ಲಿ, ಗೀಸರಿನ ಲೈನು, ನೀರು ಸೋರದಂತೆ ಮಾಡುವ ಕೆಲಸ. ಬೆಡ್‌ರೂಮು ಅಂದರೆ ನಾಲ್ಕು ಗೋಡೆ, ಎರಡು ಪ್ಲಗ್ಗು. ದೊಡ್ಡ ಮನೆಯಲ್ಲಿ ಅಗ್ಗದ ಅಡಿಗಳು ಜಾಸ್ತಿ, ಚಿಕ್ಕ ಮನೆಯಲ್ಲಿ ದುಬಾರಿ ಅಡಿಗಳು ಜಾಸ್ತಿ. ಮುಂಬಾಗಿಲು ಇಬ್ಬರಿಗೂ ಒಂದೇ. ಹಾಗಾಗಿ "ಚಿಕ್ಕದು, ಅಗ್ಗಕ್ಕೆ ಸಿಗುತ್ತೆ" ಅನ್ನುವುದು ಅರ್ಧ ಸತ್ಯ. ಯಾವ ಬ್ರೋಷರ್ ಸಿಕ್ಕರೂ ಮೊದಲು ಕಾರ್ಪೆಟ್ ಏರಿಯಾ ಹುಡುಕಿ, ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. ರೇರಾ ನೋಂದಣಿ ಇರುವ ಪ್ರಾಜೆಕ್ಟಾದರೆ ಆ ಸಂಖ್ಯೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲೇ ಇರುತ್ತದೆ.

45 ಲಕ್ಷದ ಗೆರೆ

ಚಿಕ್ಕ ಮನೆಗೆ ಸರ್ಕಾರ ಒಂದು ಅನುಕೂಲ ಮಾಡಿಕೊಟ್ಟಿದೆ. ಅದು ಸಿಗುವುದು ಒಂದು ಗೆರೆಯ ಈಚೆಗೆ ಮಾತ್ರ. ಆ ಗೆರೆ ಎಲ್ಲಿದೆ ಅಂತ ಗೊತ್ತಿಲ್ಲದೆ ಸುಮ್ನೆ ಕಾಲಿಟ್ಟರೆ ಲಕ್ಷಗಟ್ಟಲೆ ಹೋಗುತ್ತದೆ. ನಾನು ಹೆಚ್ಚುಕಮ್ಮಿ ಕಾಲಿಟ್ಟಿದ್ದೆ.

ಇನ್ನೂ ಕಟ್ಟುತ್ತಿರುವ ಮನೆ ಕೊಂಡರೆ ಜಿಎಸ್‌ಟಿ ಕಟ್ಟಬೇಕು. 2019ರ ಏಪ್ರಿಲ್‌ನಿಂದ ಸಾಮಾನ್ಯ ಮನೆಗೆ ಶೇ 5. "ಕೈಗೆಟಕುವ ಮನೆ"ಗೆ ಶೇ 1. ಬೆಂಗಳೂರಿನಂಥ ಮಹಾನಗರದಲ್ಲಿ ಕೈಗೆಟಕುವ ಮನೆ ಅಂದರೆ ಕಾರ್ಪೆಟ್ 60 ಚದರ ಮೀಟರಿನ ಒಳಗೆ, ಅಂದರೆ ಸುಮಾರು 645 ಚದರಡಿ, ಮತ್ತು ಬೆಲೆ 45 ಲಕ್ಷದ ಒಳಗೆ. ಮೈಸೂರು, ಹುಬ್ಬಳ್ಳಿಯಲ್ಲಿ ಅಳತೆಯ ಮಿತಿ 90 ಚದರ ಮೀಟರು, ಬೆಲೆಯ ಮಿತಿ ಅಷ್ಟೇ.

ಇನ್ನು ಮುದ್ರಾಂಕ ಶುಲ್ಕ. ಕರ್ನಾಟಕದಲ್ಲಿ ಹೊಸ ಫ್ಲ್ಯಾಟ್ ಮೊದಲ ಸಲ ನೋಂದಣಿಯಾಗುವಾಗ 20 ಲಕ್ಷದ ಮೇಲೆ 45 ಲಕ್ಷದವರೆಗೆ ಶೇ 3, ಅದೂ ದಾಟಿದರೆ ಶೇ 5. ಆ ಶುಲ್ಕದ ಮೇಲೆ ಸೆಸ್ಸು, ಸರ್ಚಾರ್ಜು. ಜೊತೆಗೆ ನೋಂದಣಿ ಶುಲ್ಕ. ಅದು ಶೇ 1 ಇತ್ತು, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ.

ನನ್ನ 42 ಲಕ್ಷಕ್ಕೆ ಲೆಕ್ಕ ಹಾಕಿದರೆ ಜಿಎಸ್‌ಟಿ 42,000. ಮುದ್ರಾಂಕ, ಸೆಸ್ಸು, ನೋಂದಣಿ ಎಲ್ಲ ಸೇರಿ ಸುಮಾರು 2.25 ಲಕ್ಷ. ಒಟ್ಟು 2.67 ಲಕ್ಷ. ಸರಿ ಅಂದುಕೊಂಡೆ. ಆಗ ಸೇಲ್ಸಿನ ಹುಡುಗ ಹೇಳಿದ: "ಸಾರ್, ಕಾರ್ ಪಾರ್ಕಿಂಗ್ ಮೂರು ಲಕ್ಷ, ಕ್ಲಬ್‌ಹೌಸ್ ಒಂದೂವರೆ ಲಕ್ಷ. ಬರೀ ನಾಲ್ಕೂವರೆ ಲಕ್ಷ ಎಕ್ಸ್‌ಟ್ರಾ."

ಬರೀ ಅಲ್ಲ. ಜಿಎಸ್‌ಟಿಯ 45 ಲಕ್ಷದ ಲೆಕ್ಕದಲ್ಲಿ ಪಾರ್ಕಿಂಗು, ಕ್ಲಬ್‌ಹೌಸು, "ಮೂಲೆ ಫ್ಲ್ಯಾಟ್" ಅಂತ ಹಾಕುವ ಹೆಚ್ಚುವರಿ, ಎಲ್ಲವೂ ಸೇರುತ್ತದೆ. 42 ಹೋಗಿ 46.5 ಆಯಿತು. ಗೆರೆ ದಾಟಿತು. ಈಗ ಜಿಎಸ್‌ಟಿ 2.32 ಲಕ್ಷ. ಕ್ರಯಪತ್ರದಲ್ಲೂ 46.5 ಅಂತಲೇ ಬರೆದರೆ ಮುದ್ರಾಂಕ, ನೋಂದಣಿ ಸೇರಿ 3.53 ಲಕ್ಷ. ಒಟ್ಟು ಸುಮಾರು 5.86 ಲಕ್ಷ. ನಾಲ್ಕೂವರೆ ಲಕ್ಷದ ಪಾರ್ಕಿಂಗು, ಕ್ಲಬ್‌ಹೌಸಿಗೆ ಬರೀ ತೆರಿಗೆಯಲ್ಲೇ ಇನ್ನೂ 3.19 ಲಕ್ಷ! ಆ ಕ್ಲಬ್‌ಹೌಸಿನಲ್ಲಿ ಇದ್ದದ್ದು ಎರಡು ಟ್ರೆಡ್‌ಮಿಲ್ಲು, ಒಂದು ಕೇರಂ ಬೋರ್ಡು. ಎರಡೂ ಬೇಡ ಅಂತ 42 ಲಕ್ಷದ ಲೆಕ್ಕಕ್ಕೇ ವಾಪಸ್ ಬಂದೆ.

ಒಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಬಂದ ಮೇಲೆ ಕೊಂಡರೆ ಜಿಎಸ್‌ಟಿಯೇ ಇಲ್ಲ. ಹಳೆ ಮಾಲೀಕರಿಂದ ಕೊಂಡರೂ ಇಲ್ಲ. ಆದರೆ ಮರುಮಾರಾಟದ ಮನೆಗೆ ಶೇ 3ರ ರಿಯಾಯಿತಿ ಸಿಗುವುದಿಲ್ಲ, ಶೇ 5 ಕಟ್ಟಬೇಕು. ಮುದ್ರಾಂಕದ ಲೆಕ್ಕ ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಮತ್ತು ನಿಮ್ಮ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಈ ದರಗಳು ಬದಲಾಗುತ್ತಲೇ ಇರುತ್ತವೆ, ಅಡ್ವಾನ್ಸ್ ಕೊಡುವ ಮುಂಚೆ ಆವತ್ತಿನ ದರ ನೋಡಿಕೊಳ್ಳಿ.

ಮನೆಯ ಬೆಲೆ 35 ಲಕ್ಷದ ಒಳಗಿದ್ದು, ಮನೆಯವರ ವರ್ಷದ ಆದಾಯ 9 ಲಕ್ಷದ ಒಳಗಿದ್ದು, ದೇಶದಲ್ಲೆಲ್ಲೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇಲ್ಲದಿದ್ದರೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0ರಲ್ಲಿ ಬಡ್ಡಿ ಸಹಾಯಧನ ಕೇಳಬಹುದು. ಸಾಲ 25 ಲಕ್ಷದ ಒಳಗಿರಬೇಕು. ಹೆಚ್ಚೆಂದರೆ 1.80 ಲಕ್ಷ, ಅದೂ ಕಂತಿನಲ್ಲಿ. ನನಗೆ ಬೆಲೆಯಲ್ಲೇ ಹೊರಗಾಯಿತು. ನಿಮಗೆ ಹೊಂದಿದರೆ ಬಿಡಬೇಡಿ.

ಬಾಡಿಗೆಯ ಪಕ್ಕದಲ್ಲಿಟ್ಟು ನೋಡಿದಾಗ

"ಬಾಡಿಗೆ ಕಟ್ಟೋ ದುಡ್ಡಲ್ಲಿ ಇಎಂಐ ಕಟ್ಟು" ಅನ್ನುವುದು ಪ್ರತಿ ಮದುವೆಮನೆಯಲ್ಲೂ ಯಾರಾದರೊಬ್ಬ ಚಿಕ್ಕಪ್ಪ ಹೇಳುವ ಮಾತು. ಚಿಕ್ಕ ಮನೆಯ ವಿಷಯದಲ್ಲಿ ಇದು ಇನ್ನೂ ಸಲೀಸಾಗಿ ಕೇಳಿಸುತ್ತದೆ. ಇಎಂಐ ಚಿಕ್ಕದು, ಅಲ್ವಾ?

ಲೆಕ್ಕ ಮಾಡೋಣ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಬ್ಯಾಂಕು ಮನೆ ಬೆಲೆಯ ಶೇ 90ರವರೆಗೆ ಕೊಡಬಹುದು. 30 ದಾಟಿ 75 ಲಕ್ಷದವರೆಗೆ ಶೇ 80. ನೋಂದಣಿ ಖರ್ಚು ಇದರಲ್ಲಿ ಸೇರದು, ಅದು ನಿಮ್ಮ ಜೇಬಿನಿಂದ. 42 ಲಕ್ಷಕ್ಕೆ ಸಾಲ 33.6 ಲಕ್ಷ. ಬಡ್ಡಿ ಶೇ 8, ಅವಧಿ 20 ವರ್ಷ ಅಂತ ಇಟ್ಟುಕೊಂಡರೆ ಇಎಂಐ ಸುಮಾರು 28,100. ಮೊದಲ ತಿಂಗಳು ಅದರಲ್ಲಿ 22,400 ಬರೀ ಬಡ್ಡಿ. ಅಸಲಿಗೆ ಹೋಗುವುದು 5,700 ರೂಪಾಯಿ.

ನನ್ನ ಕೈಯಿಂದ ಹೋಗುವುದು ಮುಂಗಡ 8.4 ಲಕ್ಷ, ತೆರಿಗೆ, ನೋಂದಣಿ 2.67 ಲಕ್ಷ, ಕಪಾಟು, ಅಡುಗೆಮನೆ ಕೆಲಸ, ಲೈಟು, ಫ್ಯಾನು ಅಂತ 3 ಲಕ್ಷ. ಒಟ್ಟು 14 ಲಕ್ಷ. ಇದನ್ನು ಎಫ್‌ಡಿಯಲ್ಲಿ ಶೇ 6.5ಕ್ಕೆ ಇಟ್ಟಿದ್ದರೆ ತಿಂಗಳಿಗೆ 7,600 ಬರುತ್ತಿತ್ತು. ಮೇಂಟೆನೆನ್ಸು ಚದರಡಿಗೆ 4 ರೂಪಾಯಿ. ಅದನ್ನೂ 390ಕ್ಕಲ್ಲ, 600ಕ್ಕೆ ಹಾಕುತ್ತಾರೆ. 2,400.

ಬಡ್ಡಿ, ಕಳೆದುಕೊಂಡ ಬಡ್ಡಿ, ಮೇಂಟೆನೆನ್ಸು ಕೂಡಿಸಿದರೆ 32,400. ಇದು ಯಾವತ್ತೂ ವಾಪಸ್ ಬಾರದ ದುಡ್ಡು. ಬಾಡಿಗೆಯ ಹಾಗೇ. ಅದೇ ಪ್ರಾಜೆಕ್ಟಿನಲ್ಲಿ ಆಗಲೇ ಜನ ಇರುವ ಪಕ್ಕದ ಎ ಬ್ಲಾಕಿನಲ್ಲಿ ಇದೇ ಅಳತೆಯ ಮನೆಗೆ ಬಾಡಿಗೆ 16,000. ವ್ಯತ್ಯಾಸ ತಿಂಗಳಿಗೆ 16,400, ವರ್ಷಕ್ಕೆ 1.97 ಲಕ್ಷ. 42 ಲಕ್ಷಕ್ಕೆ ಇದು ಶೇ 4.7. ಅಂದರೆ ಮನೆಯ ಬೆಲೆ ವರ್ಷಕ್ಕೆ ಶೇ 4.7ರಷ್ಟು ಏರಿದರೆ ನಾನು ಬಾಡಿಗೆದಾರನಿಗೆ ಸಮ. ಅದಕ್ಕಿಂತ ಜಾಸ್ತಿ ಏರಿದರೆ ಲಾಭ.

ಇಷ್ಟು ನೋಡಿದರೆ ಪರವಾಗಿಲ್ಲ ಅನಿಸುತ್ತದೆ. ಆದರೆ ತೆರಿಗೆ, ನೋಂದಣಿ, ಕಪಾಟಿನ ಕೆಲಸಕ್ಕೆ ಸುರಿದ 5.67 ಲಕ್ಷ ಮಾರುವಾಗ ಹೆಚ್ಚುಕಮ್ಮಿ ವಾಪಸ್ ಬರುವುದಿಲ್ಲ. ನಿಮ್ಮ ಆಯ್ಕೆಯ ಕಪಾಟಿನ ಬಣ್ಣಕ್ಕೆ ಇನ್ನೊಬ್ಬರು ದುಡ್ಡು ಕೊಡರು. ಮೂರು ವರ್ಷಕ್ಕೆ ಮಾರಿದರೆ ಆ ಖರ್ಚು ವರ್ಷಕ್ಕೆ 1.89 ಲಕ್ಷದಂತೆ ಬೀಳುತ್ತದೆ. ಆಗ ಬೆಲೆ ವರ್ಷಕ್ಕೆ ಶೇ 9ರ ಮೇಲೆ ಏರಬೇಕು, ಬರೀ ಸಮ ಆಗಲಿಕ್ಕೆ. ಹತ್ತು ವರ್ಷ ಇಟ್ಟುಕೊಂಡರೆ ಶೇ 6 ಸಾಕು. ಅಷ್ಟರಲ್ಲಿ ಬಾಡಿಗೆಯೂ ಏರಿರುತ್ತದೆ, ಸಾಲವೂ ಇಳಿದಿರುತ್ತದೆ. ಲೆಕ್ಕ ಇನ್ನೂ ನಿಮ್ಮ ಕಡೆ ವಾಲುತ್ತದೆ.

ಗಂಟು ಇರುವುದು ಇಲ್ಲೇ. ಮನೆ ಕೊಳ್ಳುವುದು ಗಿಟ್ಟಬೇಕಾದರೆ ತುಂಬಾ ವರ್ಷ ಇರಬೇಕು. ತುಂಬಾ ವರ್ಷ ಇರಲಾಗದ ಮನೆ ಯಾವುದು ಅಂದರೆ ಚಿಕ್ಕ ಮನೆ. 29ಕ್ಕೆ ಒಬ್ಬರೇ ಇದ್ದಾಗ ಕೊಂಡದ್ದು 33ಕ್ಕೆ ಇಬ್ಬರಿಗೆ ಸಾಲುತ್ತದೆ. ಮಗುವಾದರೆ? ಅಪ್ಪ ಅಮ್ಮನಿಗೆ ವಯಸ್ಸಾಗಿ ಜೊತೆಗೆ ಕರೆತಂದರೆ? ಸಾಲ ಮಾತ್ರ ಇಪ್ಪತ್ತು ವರ್ಷದ್ದು.

ಹಾಗಂತ ಎಲ್ಲರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಯ ಜನ ಇನ್ನು ಹೆಚ್ಚಾಗುವುದಿಲ್ಲ ಅಂತ ಖಾತ್ರಿ ಇರುವವರಿಗೆ ಇದು ಒಳ್ಳೆಯ ಮನೆ. ಮಕ್ಕಳು ದೂರ ಹೋಗಿ ಇಬ್ಬರೇ ಉಳಿದ ನಿವೃತ್ತರು. ಒಬ್ಬರೇ ಇರಬೇಕು ಅಂತ ತೀರ್ಮಾನ ಮಾಡಿಕೊಂಡವರು. ಬೇರೆ ಊರಲ್ಲಿ ಮನೆ ಇದ್ದು ವಾರದಲ್ಲಿ ನಾಲ್ಕು ದಿನ ಬೆಂಗಳೂರಿಗೆ ಬರುವವರು. ತಾವು ಹೊರಟ ಮೇಲೂ ಬಾಡಿಗೆಗೆ ಕೊಟ್ಟು ಇಟ್ಟುಕೊಳ್ಳುವವರು. ಬಾಡಿಗೆಯ ಮಾರುಕಟ್ಟೆಯಲ್ಲಿ ಚಿಕ್ಕ ಮನೆಯೇ ಚುರುಕು. ಟೆಕ್ ಪಾರ್ಕಿನ ಹತ್ತಿರ ಒಂದು ಬೆಡ್‌ರೂಮಿನ ಮನೆ ಜಾಸ್ತಿ ದಿನ ಖಾಲಿ ಇರುವುದಿಲ್ಲ. ಮಾರಾಟದಲ್ಲಿ ಹಾಗಲ್ಲ. ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಸಂಸಾರಸ್ಥರು, ಅವರು ಎರಡು ಬೆಡ್‌ರೂಮು ಕೇಳುತ್ತಾರೆ. ಕಾರ್ ಪಾರ್ಕಿಂಗ್ ಇಲ್ಲದ ಮನೆಯನ್ನು ಇನ್ನೂ ಕೆಲವರು ಬಾಗಿಲಲ್ಲೇ ಬಿಡುತ್ತಾರೆ. ಪಾರ್ಕಿಂಗ್ ಬೇಡ ಅಂದು ತೆರಿಗೆ ಉಳಿಸಿದ ನನ್ನ ಜಾಣತನಕ್ಕೆ ಆವತ್ತು ಬೆಲೆ ಕಟ್ಟಬೇಕಾಗಬಹುದು.

ಮಂಚ ಇಟ್ಟು ನೋಡಿದಾಗ

ತಾರಸಿಗೆ ವಾಪಸ್ ಬರೋಣ.

ಅಮ್ಮ ಹೇಳಿದ್ದಕ್ಕೆ ಒಳಗಿನ ಸಾಮಾನುಗಳನ್ನೂ ಬರೆಯುತ್ತಾ ಹೋದೆ. ಡಬಲ್ ಕಾಟು 5ಕ್ಕೆ 6.5 ಅಡಿ. ಬೀರು 2 ಅಡಿ ಆಳ. ರೂಮಿನ ಅಗಲ 10 ಅಡಿ. ಮಂಚದ ತಲೆ ಒಂದು ಗೋಡೆಗೆ, ಬೀರು ಎದುರು ಗೋಡೆಗೆ. ಉಳಿದದ್ದು ಒಂದೂವರೆ ಅಡಿ. ಬೀರುವಿನ ಬಾಗಿಲೂ ಒಂದೂವರೆ ಅಡಿ. ಬಾಗಿಲು ತೆಗೆದರೆ ಮಂಚಕ್ಕೆ ತಾಗುತ್ತದೆ, ನಾನು ನಿಲ್ಲಲು ಜಾಗವಿಲ್ಲ. ಅಮ್ಮ ನಿಜವಾಗಿಯೂ ಆ ಗೆರೆಯ ಸಂದಿಯಲ್ಲಿ ನಿಂತು, ಇಲ್ಲದ ಬೀರುವಿನ ಬಾಗಿಲು ತೆಗೆದು, "ಸೀರೆ ತೆಗೆಯೋಕೆ ಮಂಚ ಹತ್ತಬೇಕು" ಅಂದರು. ಜಾರುವ ಬಾಗಿಲು ಹಾಕಿಸಬೇಕು ಅಂತ ಪಟ್ಟಿಯಲ್ಲಿ ಬರೆದುಕೊಂಡೆ. ಅಡುಗೆಮನೆಯಲ್ಲಿ ಒಂದು ಕಡೆ ಎರಡಡಿ ಕಟ್ಟೆ, ಎದುರು ಕಡೆ ಫ್ರಿಜ್ಜು. ಫ್ರಿಜ್ಜಿನ ಬಾಗಿಲು ತೆಗೆದಾಗ ಒಲೆ ಮುಂದೆ ನಿಂತವರು ಜರುಗಬೇಕು. ಸಿಲಿಂಡರು ಕಟ್ಟೆಯ ಕೆಳಗೆ ಹೋಯಿತು. ವಾಷಿಂಗ್ ಮಷಿನ್ ಎಲ್ಲಿಗೆ ಅಂದರೆ ಬಾಲ್ಕನಿಗೆ. ಹಾಗಾದರೆ ಬಟ್ಟೆ ಒಣಗಿಸುವುದು? ಮತ್ತೆ ಮೊದಲ ಪ್ರಶ್ನೆಗೇ ಬಂದು ನಿಂತೆವು.

ಈ ಅಳತೆಗಳಲ್ಲಿ ಯಾವುದೂ ನಿಯಮ ಮುರಿಯುವುದಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್ ಹೇಳುತ್ತದೆ, ಅಂದರೆ ಸುಮಾರು 102 ಚದರಡಿ. ನನ್ನ ರೂಮು 110. ಅಡುಗೆಮನೆಗೆ 5 ಚದರ ಮೀಟರ್, ಸುಮಾರು 54 ಚದರಡಿ. ನನ್ನದು 56. ಶೌಚಾಲಯ ಸೇರಿದ ಬಚ್ಚಲಿಗೆ 2.8, ಅಂದರೆ 30 ಚದರಡಿ. ನನ್ನದು 35. ಎಲ್ಲವೂ ಪಾಸು, ಎಲ್ಲವೂ ಅಂಚಿನಲ್ಲಿ. ಕನಿಷ್ಠ ಅಂದರೆ ಉಸಿರಾಡುವಷ್ಟು ಗಾಳಿ, ಬೆಳಕು, ಜಾಗ. ದೀಪಾವಳಿಗೆ ಎಂಟು ಜನ ಊಟಕ್ಕೆ ಕೂರುವ ಲೆಕ್ಕ ಅದರಲ್ಲಿಲ್ಲ.

ಅದನ್ನೂ ನೋಡಿದೆವು. ಒಬ್ಬರ ಎಲೆಗೆ ಎರಡಡಿ. ಹಾಲಿನ ಉದ್ದಗೋಡೆಗೆ ನಾಲ್ಕು, ಎದುರು ನಾಲ್ಕು, ಮಧ್ಯೆ ಬಡಿಸುವವರು ಓಡಾಡಬಹುದು. ಸೋಫಾ ಇಲ್ಲದಿದ್ದರೆ! ಅಮ್ಮನಿಗೆ ಇದು ಇಷ್ಟವಾಯಿತು. "ಸೋಫಾ ತಗೋಬೇಡ, ಮಡಚೋ ಚಾಪೆ ಸಾಕು" ಅಂದರು. ಈ ಮಾತಿನಲ್ಲಿ ಚಿಕ್ಕ ಮನೆಯ ಅರ್ಧ ಬುದ್ಧಿ ಇದೆ. ಒಂದೇ ಜಾಗ ದಿನಕ್ಕೆ ಮೂರು ಕೆಲಸ ಮಾಡಬೇಕು. ಹಾಗಾಗಬೇಕಾದರೆ ಸಾಮಾನು ಮಡಚುವಂತಿರಬೇಕು, ಇಲ್ಲಾ ಇರಲೇಬಾರದು.

ಸೀಮೆಸುಣ್ಣ, ಟೇಪು, ಒಂದು ಸಂಜೆ. ಬೇರೆ ಖರ್ಚಿಲ್ಲ. ತಾರಸಿ ಇಲ್ಲದಿದ್ದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ಶಾಲೆಯ ಮೈದಾನ, ಎಲ್ಲಾದರೂ ಆದೀತು. ಮಾದರಿ ಫ್ಲ್ಯಾಟ್ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ನಾನು ನೋಡಿದ ಮಾದರಿ ಫ್ಲ್ಯಾಟಿನ ಮಂಚವನ್ನು ಅಳೆದೆ. ಐದೂಮುಕ್ಕಾಲು ಅಡಿ ಇತ್ತು. ಬೀರುವಿಗೆ ಆಳ ಒಂದೂಕಾಲು ಅಡಿ. ಹ್ಯಾಂಗರ್ ಅಡ್ಡ ನಿಲ್ಲದು. ಒಳಬಾಗಿಲುಗಳನ್ನು ಕೂರಿಸಿರಲೇ ಇಲ್ಲ.

ಮನೆಯ ಅರ್ಧ ಹೊರಗೆ

ನಮ್ಮ ಅಜ್ಜ ಅಜ್ಜಿ ಮೈಸೂರಿನ ಒಂದು ವಠಾರದಲ್ಲಿ ಹನ್ನೆರಡು ವರ್ಷ ಇದ್ದರಂತೆ. ಒಂದು ಕೋಣೆ, ಒಂದು ಅಡುಗೆಮನೆ, ಆರು ಜನ. ಅಮ್ಮ ಅದರ ಬಗ್ಗೆ ಹೇಳುವಾಗ ಇಕ್ಕಟ್ಟಿನ ಮಾತೇ ಬರುವುದಿಲ್ಲ. ಜಗಲಿಯ ಮಾತು ಬರುತ್ತದೆ. ನಡುವಿನ ಅಂಗಳ, ನಲ್ಲಿಯ ಕಟ್ಟೆ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು, ಎದುರು ಮನೆಯವರ ರೇಡಿಯೋ. ಓದುವುದು ಜಗಲಿಯಲ್ಲಿ, ಆಟ ಅಂಗಳದಲ್ಲಿ, ಬೇಸಿಗೆಯಲ್ಲಿ ನಿದ್ದೆಯೂ ಹೊರಗೇ. ಕೋಣೆ ಚಿಕ್ಕದಿತ್ತು, ಮನೆ ಚಿಕ್ಕದಿರಲಿಲ್ಲ. ಶೌಚಕ್ಕೆ ಸಾಲು ನಿಲ್ಲುವ ಕಷ್ಟ ಇತ್ತು, ಅದನ್ನು ಅಮ್ಮ ಕೇಳಿದರೆ ಮಾತ್ರ ಹೇಳುತ್ತಾರೆ.

ಫ್ಲ್ಯಾಟಿನಲ್ಲಿ ಈ ಹೊರಗಿನ ಅರ್ಧ ಏನಾಯಿತು ಅಂತ ಕೇಳಿ ನೋಡಿ. 600ರಲ್ಲಿ 210 ಅಡಿಗೆ ದುಡ್ಡು ಕೊಟ್ಟಿದ್ದು ಅದಕ್ಕೇ ಅಲ್ವಾ? ಆದರೆ ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡುವಂತಿಲ್ಲ. ಬೆಂಕಿ ಬಿದ್ದರೆ ಓಡುವ ದಾರಿ, ಆ ನಿಯಮ ಸರಿಯೇ. ತಾರಸಿಗೆ ಬೀಗ. ಬಾಲ್ಕನಿಯ ಕಂಬಿಗೆ ಬಟ್ಟೆ ಹಾಕಿದರೆ ವಾಟ್ಸ್ಯಾಪ್ ಗ್ರೂಪಿನಲ್ಲಿ ಫೋಟೋ. ಹಾಗಾಗಿ ಚಿಕ್ಕ ಮನೆ ನೋಡಲು ಹೋದಾಗ ಅರ್ಧ ಹೊತ್ತು ಮನೆಯ ಹೊರಗೆ ಕಳೆಯಿರಿ. ತಾರಸಿ ತೆರೆದಿದೆಯಾ? ಬಟ್ಟೆಗೆ ತಂತಿ ಇದೆಯಾ? ನಡೆದು ಹೋಗುವ ದೂರದಲ್ಲಿ ಪಾರ್ಕು, ಲೈಬ್ರರಿ, ಕಾಫಿ ಕುಡಿದು ಅರ್ಧ ಗಂಟೆ ಕೂತರೂ ಏಳಿಸದ ದರ್ಶಿನಿ ಇದೆಯಾ? ಮನೆಯಿಂದ ಕೆಲಸ ಮಾಡುವ ಇಬ್ಬರಿದ್ದರೆ ಒಂದು ಮೀಟಿಂಗಿಗೆ ಎಲ್ಲಿ ಹೋಗುವುದು? 1,200 ಅಡಿ ಮನೆಯವರಿಗೆ ಇವೆಲ್ಲ ಇದ್ದರೆ ಚೆನ್ನ. 390 ಅಡಿಯವರಿಗೆ ಇವು ಕೋಣೆಗಳು.

ಕಾಗದ ಪತ್ರ

ಕಾಗದ ಅಂತೂ ಒಂದು ಹಾಳೆಯೂ ಕುಗ್ಗುವುದಿಲ್ಲ. ಒಂದು ಕೋಟಿಯ ಮನೆಗೆ ಬೇಕಾದ್ದೆಲ್ಲ 30 ಲಕ್ಷದ ಮನೆಗೂ ಬೇಕು. ಚಿಕ್ಕ ಮನೆಗಳಲ್ಲಿ ಎಡವುವ ಕಡೆ ಇನ್ನೂ ಜಾಸ್ತಿ. ಕಾರಣ ಇದು: 500 ಚದರ ಮೀಟರ್ ಜಾಗದವರೆಗಿನ, ಅಥವಾ ಎಂಟು ಮನೆಗಳವರೆಗಿನ ಪ್ರಾಜೆಕ್ಟಿಗೆ ರೇರಾ ನೋಂದಣಿ ಕಡ್ಡಾಯವಲ್ಲ. 30ಕ್ಕೆ 40 ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಅಂತಸ್ತಿಗೊಂದು ಮನೆ ಮಾಡಿ ಮಾರುವ ಕಟ್ಟಡಗಳು ಬೆಂಗಳೂರಿನ ಹೊರವಲಯದಲ್ಲಿ ಬೇಕಾದಷ್ಟಿವೆ. ಅಗ್ಗ, ಲೊಕೇಶನ್ ಚೆನ್ನಾಗಿದೆ, ನಾಳೆಯೇ ಬರಬಹುದು. ಪ್ಲಾನು ಎರಡು ಅಂತಸ್ತಿಗೆ ಪಾಸಾಗಿರುತ್ತದೆ.

ಕಟ್ಟಡಕ್ಕೆ ಒಸಿ ಇದೆಯೇ ಅನ್ನುವುದು ಈಗ ಬರೀ ಕಾನೂನಿನ ಮಾತಾಗಿ ಉಳಿದಿಲ್ಲ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಈ ಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಅಂತ ಹೇಳಿತು. ಅದಾದ ಮೇಲೆ ಕಾಯಂ ಕರೆಂಟು ಸಿಗದೆ ಒದ್ದಾಡಿದವರು ಕರ್ನಾಟಕದಲ್ಲೇ ಎಷ್ಟೋ ಜನ. ಆ ಫ್ಲ್ಯಾಟಿನ ಹೆಸರಿಗೆ ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಇದೆಯಾ ನೋಡಿ, ಅದಿಲ್ಲದೆ ಈಗ ನೋಂದಣಿಯೇ ಆಗದು. ಅನುಮತಿಯೆಲ್ಲ ಸರಿಯಿರುವ ಎ ಖಾತೆಯೋ, ಅದರಲ್ಲಿ ಕೊರತೆ ಇರುವ ಬಿ ಖಾತೆಯೋ ಕೇಳಿ. ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ, ಆಸ್ತಿಯ ಮೇಲಿನ ಸಾಲ ಮತ್ತು ಹಳೆ ವಹಿವಾಟು ತೋರಿಸುವ ಋಣಭಾರ ಪತ್ರ ತೆಗೆಸಿ. ಮೂಲ ಪತ್ರಗಳನ್ನು ಬಿಲ್ಡರ್ ಕೊಟ್ಟ ವಕೀಲರಿಗಲ್ಲ, ನೀವು ಹುಡುಕಿದ ವಕೀಲರಿಗೆ ತೋರಿಸಿ. ರೇರಾ ಪ್ರಾಜೆಕ್ಟಾದರೆ ಮಾರಾಟದ ಕರಾರು ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳಲು ಬಿಲ್ಡರಿಗೆ ಹಕ್ಕಿಲ್ಲ. ತೀರಾ ಚಿಕ್ಕ ಮನೆಗೆ ಸಾಲ ಕೊಡಲು ಕೆಲವು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಅಡ್ವಾನ್ಸ್ ಕೊಟ್ಟಾದ ಮೇಲೆ ಅಲ್ಲ, ಮುಂಚೆಯೇ ಪ್ಲಾನು ಹಿಡಿದು ಎರಡು ಬ್ಯಾಂಕಿಗೆ ಹೋಗಿ ಬನ್ನಿ.

ಇನ್ನೊಂದು ಸಂಖ್ಯೆಯನ್ನು ಬ್ರೋಷರಿನಲ್ಲಿ ಯಾರೂ ದಪ್ಪಕ್ಷರದಲ್ಲಿ ಹಾಕುವುದಿಲ್ಲ. ಯುಡಿಎಸ್. ಅಂದರೆ ಕಟ್ಟಡದ ಕೆಳಗಿನ ಭೂಮಿಯಲ್ಲಿ ನಿಮ್ಮ ಅವಿಭಜಿತ ಪಾಲು. ನನ್ನದು 190 ಚದರಡಿ. ಕಟ್ಟಡ ಹಳೆಯದಾಗುತ್ತಾ ಬೆಲೆ ಕಳೆದುಕೊಳ್ಳುತ್ತದೆ, ಏರುವುದು ಭೂಮಿ. 30 ವರ್ಷದ ಮೇಲೆ ಕೆಡವಿ ಕಟ್ಟುವ ಮಾತು ಬಂದರೆ ನನ್ನ ಕೈಯಲ್ಲಿರುವುದು ಆ 190 ಅಡಿ. ಅದಕ್ಕೇ ನಮ್ಮ ಕಡೆಯ ಜನ ಊರಾಚೆಯಾದರೂ ಸರಿ, 20ಕ್ಕೆ 30 ಸೈಟೇ ಬೇಕು ಅನ್ನುವುದು. ಅಲ್ಲಿ 600 ಅಡಿ ನೆಲವೂ ನಿಮ್ಮದೇ. ಮೊದಲು ಕೆಳಗಿನ ಮನೆ ಮಾತ್ರ ಕಟ್ಟಿ, ಮಗು ದೊಡ್ಡದಾದಾಗ ನಿಯಮದೊಳಗೆ ಮೇಲೊಂದು ರೂಮು ಏರಿಸಬಹುದು. ಚಿಕ್ಕ ಮನೆ ಬೆಳೆಯುವುದು ಅಲ್ಲೊಂದೇ ಕಡೆ. ಆದರೆ ಆ ಸೈಟು ಆಫೀಸಿನಿಂದ ಒಂದೂವರೆ ಗಂಟೆ ದೂರ ಇರುತ್ತದೆ.

ನಾನು ಕೊನೆಗೆ ಕೊಳ್ಳಲಿಲ್ಲ. ಬಿಡಲೂ ಇಲ್ಲ. ಎ ಬ್ಲಾಕಿನಲ್ಲಿ ಅದೇ ಪ್ಲಾನಿನ ಮನೆಯನ್ನು 11 ತಿಂಗಳ ಕರಾರಿಗೆ ಬಾಡಿಗೆಗೆ ಹಿಡಿದೆ. ಕೊಳ್ಳಬೇಕು ಅಂದುಕೊಂಡ ಮನೆಯಲ್ಲೇ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವ ಅವಕಾಶ ಸಿಕ್ಕರೆ ಬಿಡಬಾರದು ಅಂತ ನನಗನಿಸಿತು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಅಮ್ಮ ಹೇಳಿದ್ದು ಸರಿ. ಮೀನು ಹುರಿದರೆ ದಿಂಬಿಗೂ ವಾಸನೆ. ಮನೆ ಗುಡಿಸಿ ಒರೆಸಲು ಹದಿನೈದು ನಿಮಿಷ ಸಾಕು, ಇದು ನಾನು ನಿರೀಕ್ಷಿಸದ ಸುಖ. ಬೇಡದ ಸಾಮಾನು ತರುವುದು ತಾನಾಗೇ ನಿಂತಿದೆ. ಮಾರ್ಚಿನಲ್ಲಿ ನೀರಿಗೆ ಟ್ಯಾಂಕರ್ ಬಂತು, ಅದರ ದುಡ್ಡು ಮಾತ್ರ ಎಲ್ಲಾ ಮನೆಗೂ ಸಮಸಮ. ಅಮ್ಮ ಬಂದು ಹತ್ತು ದಿನ ಇದ್ದರು. ರೂಮು ಅವರಿಗೆ, ಹಾಲ್ ನನಗೆ. ಹತ್ತನೇ ದಿನ "ಮನೆ ಚೆನ್ನಾಗಿದೆ, ನನಗೆ ಅಂಗಳ ಬೇಕು" ಅಂದು ಬಸ್ಸು ಹತ್ತಿದರು.

ಹೋದ ವಾರ ಸೇಲ್ಸಿನ ಹುಡುಗ ಫೋನ್ ಮಾಡಿದ್ದ. "ಸಾರ್, ಬಿ ಬ್ಲಾಕಲ್ಲಿ ನಾಲ್ಕೇ ಫ್ಲ್ಯಾಟ್ ಉಳಿದಿವೆ."

"ಒಸಿ ಬಂತಾ?" ಅಂದೆ.

"ಬರುತ್ತೆ ಸಾರ್."

"ಬಂದ ಮೇಲೆ ಫೋನ್ ಮಾಡಪ್ಪ. ಆಗ ಜಿಎಸ್‌ಟಿಯೂ ಇರಲ್ಲ."